ಕತ್ತರಿ ಹಿಡಿದವಳ ಜಡೆ

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೂ ನನಗೆ ಹೊರಗೆ ನೋಡಲು ಆಗುವುದಿಲ್ಲ. ಮುಂದಿನ ಸೀಟಿನಲ್ಲಿ ಒಂದು ತಲೆ ಇರುತ್ತದಲ್ಲ, ಕಣ್ಣು ಅಲ್ಲಿಗೇ ಹೋಗಿ ಕೂರುತ್ತದೆ. ಎಡಗಡೆ ಒಂದು ಬೆರಳಷ್ಟು ಉದ್ದ ಬಿಟ್ಟಿದ್ದಾರೆ, ಬಣ್ಣ ಬುಡದಲ್ಲಿ ಕೆಂಪಗೆ ಹೊಳೆದು ತುದಿಯಲ್ಲಿ ಸತ್ತುಹೋಗಿದೆ, ಪದರ ತೆಗೆಯಲು ಹೋಗಿ ಮೆಟ್ಟಿಲು ಕಟ್ಟಿದ್ದಾರೆ ಅಂತ ಮನಸ್ಸು ತಪ್ಪು ಹುಡುಕಲು ಶುರುಮಾಡುತ್ತದೆ. ತೊಡೆಯ ಮೇಲಿಟ್ಟ ಬೆರಳುಗಳು ತಾವಾಗಿ ಕತ್ತರಿ ಆಡಿಸುತ್ತವೆ. ಪಕ್ಕದವರು ಸ್ವಲ್ಪ ಸರಿದು ಕೂರುತ್ತಾರೆ. ಪಾರ್ಲರಿನ ಬೀಗದ ಕೈ ಬೇರೆಯವರಿಗೆ ಕೊಟ್ಟು ಮನೆ ಸೇರಿದ ಮೇಲೆ ಇದೆಲ್ಲ ಕಡಿಮೆಯಾದೀತು ಅಂದುಕೊಂಡಿದ್ದೆ. ಇನ್ನೂ ಹೆಚ್ಚಾಗಿದೆ.

ನನ್ನ ಹೆಸರು ಜಯಮ್ಮ. ಮದ್ದೂರಿನಲ್ಲಿ ಪಾರ್ಲರ್ ಜಯಕ್ಕ ಅಂದರೆ ಗೊತ್ತಾಗುತ್ತದೆ. ಮನೆ ಬೆಸಗರಹಳ್ಳಿ ಹತ್ತಿರ. ಮಂಡ್ಯದಲ್ಲಿ ಕೆಲಸ ಕಲಿತೆ, ಮದ್ದೂರಿನಲ್ಲಿ ಸ್ವಂತ ಪಾರ್ಲರ್ ಇಟ್ಟೆ, ಕೊನೆಗೆ ಮಳವಳ್ಳಿಯಲ್ಲೂ ಒಂದು ತೆರೆದೆ. ಮೂವತ್ತು ವರ್ಷಕ್ಕೂ ಮೇಲೆ ಕೈ ಎತ್ತಿಕೊಂಡೇ ಕೆಲಸ ಮಾಡಿದ್ದಕ್ಕೆ ಬಲಭುಜ ಹಿಡಿದುಕೊಂಡಿತು. ಡಾಕ್ಟರು ಸಾಕುಮಾಡಿ ಅಂದರು, ಸಾಕುಮಾಡಿದೆ. ಈಗ ಮಂಡ್ಯದಲ್ಲಿ ಈ ಕೆಲಸ ಕಲಿಯುತ್ತಿರುವ ಹುಡುಗಿಯರು ಬಂದು, ಅಕ್ಕ, ನಿಮ್ಮ ಅನುಭವ ಬರೆದುಕೊಡಿ ಅಂದಿದ್ದಾರೆ. ಯಾವಾಗ ಶಾಖೆ ತೆರೆದೆ, ಯಾರು ಶಾಲು ಹೊದಿಸಿದರು ಅನ್ನುವುದರಿಂದ ನಿಮಗೆ ಮೂರು ಕಾಸಿನ ಉಪಯೋಗವಿಲ್ಲ. ಒಂದೇ ಒಂದು ತಲೆಯ ಕಥೆ ಹೇಳುತ್ತೇನೆ. ನಡುವೆ ಬೇರೆ ತಲೆಗಳು ಬಂದುಹೋಗುತ್ತವೆ, ಬರಲಿ. ಆ ಒಂದು ತಲೆ ನನ್ನದೇ.

ಹೋದ ವರ್ಷ ನನಗೆ ಕೂದಲು ಕತ್ತರಿಸಿಕೊಳ್ಳಬೇಕು ಅನ್ನಿಸಿತು. ಗಿಡ್ಡ ಅಲ್ಲ. ಬೆನ್ನಿನ ತನಕ ಉದ್ದ ಇರಬೇಕು, ಆದರೆ ನೆತ್ತಿಯಿಂದ ಕೆಳಕ್ಕೆ ಪದರ ಪದರವಾಗಿ ಇಳಿಯಬೇಕು, ಹಣೆಯ ಮೇಲೆ ನಾಲ್ಕು ಎಳೆ ಬೀಳಬೇಕು, ತುದಿ ಕೆದರಿದ ಹಾಗೆ ಕಾಣಬೇಕು. ನೀವು ಶ್ಯಾಗ್ ಅನ್ನುತ್ತೀರಲ್ಲ, ಅದೇ. ಮೇಲೆ ಬೆಲ್ಲದ ಬಣ್ಣ. ಅರವತ್ತು ದಾಟಿದವಳಿಗೆ ಇದು ಯಾಕೆ ಅಂತ ನನ್ನ ಗಂಡ ಶಿವಣ್ಣ ಕೇಳಲಿಲ್ಲ, ಅವರು ಏನನ್ನೂ ಕೇಳುವವರಲ್ಲ. ನಾನೇ ಕೇಳಿಕೊಂಡೆ. ಉತ್ತರ ಹುಡುಕಲು ಹೋಗಲಿಲ್ಲ. ಆಸೆ, ಅಷ್ಟೇ. ಬೇರೆಯವರ ಆಸೆಗೆ ಕಾರಣ ಕೇಳದೆ ಕತ್ತರಿ ಹಿಡಿದವಳು ನನ್ನ ಆಸೆಗೆ ಯಾಕೆ ಕಾರಣ ಕೇಳಲಿ?

ಆದರೆ ಈ ಜಡೆಗೆ ನನ್ನ ಅತ್ತೆಯೂ ಅಂಟಿಕೊಂಡಿದ್ದರು. ನಾನು ಕೆಲಸಕ್ಕೆ ಹೋಗಲು ಶುರುಮಾಡಿದಾಗಿನಿಂದ ದಿನಾ ಬೆಳಿಗ್ಗೆ ಜಗಲಿಯ ಮೇಲೆ ಕೂರಿಸಿಕೊಂಡು ನನಗೆ ಜಡೆ ಹಾಕಿದವರು ಅವರೇ. ಈಗ ಅವರಿಗೆ ಎಂಬತ್ತು ದಾಟಿದೆ. ಹಸು ಕರೆಯುವುದು ಬಿಟ್ಟರು, ಮುದ್ದೆ ತೊಳಸುವುದು ಬಿಟ್ಟರು, ಕಣ್ಣು ಮಂಜಾದ ಮೇಲೆ ಸೊಪ್ಪು ಬಿಡಿಸುವುದನ್ನೂ ಬಿಟ್ಟರು. ಉಳಿದಿದ್ದು ನನ್ನ ಜಡೆ ಒಂದೇ. ಕೈಗೆ ಕೆಲಸವಿಲ್ಲದಿದ್ದರೆ ಮನುಷ್ಯ ಹೇಗಾಗುತ್ತಾನೆ ಅಂತ ನನಗೆ ಆಗಷ್ಟೇ ಗೊತ್ತಾಗಿತ್ತು. ಮನೆಯಲ್ಲಿ ಕೂತರೆ ಏಳುತ್ತಿದ್ದೆ, ಎದ್ದರೆ ಎಲ್ಲಿಗೆ ಹೋಗಬೇಕು ತಿಳಿಯುತ್ತಿರಲಿಲ್ಲ. ಒರೆಸಿದ ಕನ್ನಡಿಯನ್ನೇ ಮತ್ತೆ ಒರೆಸುತ್ತಿದ್ದೆ. ಅಂಥ ಸ್ಥಿತಿಗೆ ಆ ಮುದುಕಿಯನ್ನು ನಾನೇ ತಳ್ಳಬೇಕಲ್ಲ ಅಂತ ಎದೆ ಹಿಂಡುತ್ತಿತ್ತು. ಪದರ ತೆಗೆದ ಕೂದಲಿಗೆ ಜಡೆ ನಿಲ್ಲುವುದಿಲ್ಲ. ಇದು ನಿಮಗೆ ಮೊದಲ ವಾರದಲ್ಲೇ ಹೇಳಿಕೊಡುತ್ತಾರೆ.

ಇದನ್ನು ಇಷ್ಟಕ್ಕೇ ನಿಲ್ಲಿಸಿ ಹಿಂದಿನಿಂದ ಹೇಳಬೇಕು, ಇಲ್ಲದಿದ್ದರೆ ಅತ್ತೆ ನಿಮಗೆ ಬರೀ ಪಾಪದ ಮುದುಕಿಯಾಗಿ ಕಾಣುತ್ತಾರೆ. ಹಾಗೇನಿರಲಿಲ್ಲ.

ನಾನು ಕಲಿತದ್ದು ಮಂಡ್ಯದಲ್ಲಿ ಸರಳಾ ಮೇಡಂ ಹತ್ತಿರ. ಬಟ್ಟೆ ಅಂಗಡಿಯ ಮೇಲಿನ ಮಹಡಿ, ಬಾಗಿಲಿಗೆ ದಪ್ಪ ಪರದೆ. ಈಗ ನಿಮಗೆ ಗೊಂಬೆ ತಲೆ ಕೊಡುತ್ತಾರೆ. ನಮಗೆ ಕುರ್ಚಿಯ ಬೆನ್ನಿಗೆ ಕತ್ತಾಳೆ ನಾರಿನ ಕಂತೆ ಕಟ್ಟಿ ಕತ್ತರಿಸು ಅನ್ನುತ್ತಿದ್ದರು. ಸೊಟ್ಟಗಾದರೆ ಬಾಚಣಿಗೆಯ ಬಾಲದಿಂದ ಬೆರಳ ಗೆಣ್ಣಿನ ಮೇಲೆ ಒಂದು ಏಟು. ಮೇಡಂ ಸೇರಿಸಿಕೊಳ್ಳುವ ಮುಂಚೆ ನನ್ನ ಓದು ಕೇಳಲಿಲ್ಲ, ತಿರುಗಿ ನಿಲ್ಲು ಅಂದು ಜಡೆ ನೋಡಿದರು. ಸೊಂಟದ ಕೆಳಗಿತ್ತು. ಅವರಿಗೆ ಖುಷಿಯಾಯಿತು.

"ನಿನ್ ಜಡೇನೇ ನಿನ್ ಬೋರ್ಡು ಕಣಮ್ಮ" ಅಂದರು. "ಕೂದ್ಲಿಲ್ದೋಳ ಕೈಗೆ ಯಾವ್ ತಾಯಿ ಮಗಳ ತಲೆ ಕೊಡ್ತಾಳೆ? ಅದಕ್ಕೆ ಕತ್ತರಿ ಮುಟ್ಟುಸ್ಬೇಡ."

ಮಾತು ನಿಜವೇ ಆಯಿತು. ಮದ್ದೂರಿನಲ್ಲಿ ಅಂಗಡಿ ಇಟ್ಟಾಗ ತಾಯಂದಿರು ಪರದೆ ಸರಿಸಿ ಮೊದಲು ನೋಡುತ್ತಿದ್ದದ್ದು ನನ್ನ ಬೆನ್ನನ್ನು. ಜಡೆ ಕಂಡಮೇಲೆ ಮಗಳನ್ನು ಒಳಕ್ಕೆ ಬಿಡುತ್ತಿದ್ದರು. ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಅಂದರೆ ಮನೆ ಹಾಳುಮಾಡುವ ಜಾಗ ಅನ್ನುವ ಕಾಲ ಅದು. ಜಡೆ ಇದ್ದವಳು ಒಳಗಿದ್ದಾಳೆ ಅಂದರೆ ಅವರಿಗೆ ಒಂದು ಧೈರ್ಯ. ಹೀಗೆ ಬೇರೆಯವರ ಕೂದಲು ಕತ್ತರಿಸಲು ನಾನು ನನ್ನ ಕೂದಲು ಬೆಳೆಸಿಕೊಂಡೇ ಇದ್ದೆ. ತಲೆನೋವು ಬರುತ್ತಿತ್ತು, ಕತ್ತು ಬಿಗಿಯುತ್ತಿತ್ತು, ತಲೆಗೆ ನೀರು ಹಾಕಿಕೊಂಡ ದಿನ ಒಣಗುವುದೇ ಒಂದು ಕೆಲಸ.

ಮನೆಯಲ್ಲಿ ಇನ್ನೊಂದು ಕಥೆ. ನಮ್ಮದು ಗದ್ದೆ, ಕಬ್ಬು ಅಂತ ಬದುಕಿದ ಮನೆತನ. ಸೊಸೆ ಹೋಗಿ ಊರವರ ಕೂದಲು ಕತ್ತರಿಸುವುದು ಅತ್ತೆಗೆ ಬಾಯಲ್ಲಿ ಹೇಳಲಾಗದ ಮಾತಾಗಿತ್ತು. ನೆಂಟರು ಕೇಳಿದರೆ ನಮ್ಮ ಜಯಮ್ಮ ಮದ್ದೂರಿನಲ್ಲಿ ಟೈಲರಿಂಗ್ ಮಾಡುತ್ತಾಳೆ ಅನ್ನುತ್ತಿದ್ದರು. ಕತ್ತರಿ ಇದೆಯಲ್ಲ, ಅರ್ಧ ಸುಳ್ಳು ಅಂತ ಅವರ ಸಮಾಧಾನವೇನೋ. ಅದರ ಫಲ ನಾನು ಉಣ್ಣಬೇಕಾಯಿತು. ಹಬ್ಬ ಬಂದರೆ ಸಾಕು, ನಾದಿನಿ, ಚಿಕ್ಕತ್ತೆ, ಅವರ ಓರಗಿತ್ತಿ ಎಲ್ಲರೂ ರವಿಕೆ ಬಟ್ಟೆ ತಂದು ಕೈಗೆ ಕೊಡುತ್ತಿದ್ದರು. ನಾನು ಅದನ್ನು ಪಾರ್ಲರಿನ ಪಕ್ಕದ ಟೈಲರಿಗೆ ಕೊಟ್ಟು, ಹೊಲಿಸಿ ತಂದು, ನಾನೇ ಹೊಲಿದೆ ಅನ್ನುವ ಮುಖ ಮಾಡಬೇಕು. ಒಮ್ಮೆ ಚಿಕ್ಕತ್ತೆ, ತೋಳು ಬಿಗಿಯಾಗಿದೆ, ಇಲ್ಲೇ ಬಿಚ್ಚಿಕೊಡು ಅಂತ ಎದುರಿಗೇ ಕೂತುಬಿಟ್ಟರು. ಅವತ್ತು ನಾನು ಹೊಟ್ಟೆನೋವು ಅಂತ ಮಲಗಿದೆ.

ಸಂಜೆ ಮನೆಗೆ ಬಂದರೆ ಹಿತ್ತಲಿನಲ್ಲಿ ಸ್ನಾನ ಮಾಡಿಯೇ ಒಳಗೆ ಕಾಲಿಡಬೇಕು. ಚಳಿಯಿದ್ದರೂ ಅಷ್ಟೇ. ಊರವರ ತಲೆ ಮುಟ್ಟಿದ ಕೈ ಅನ್ನುತ್ತಿದ್ದರು ಅತ್ತೆ. ಆ ಕೈ ನನ್ನ ತಲೆಗೂ ತಾಗಬಾರದು ಅಂತ ತಾವೇ ಜಡೆ ಹಾಕಲು ಶುರುಮಾಡಿದರು. ಕತ್ತರಿ ಹಿಡಿದ ಕೈ ಸೋಕಿದರೆ ಕೂದಲು ಬೆಳೆಯುವುದಿಲ್ಲವಂತೆ. ಅವರ ತಲೆಯನ್ನಂತೂ ಮುಟ್ಟಲು ಬಿಡಲೇ ಇಲ್ಲ. ಜ್ವರ ಬಂದು ಮಲಗಿದ್ದಾಗ ತಲೆಯೆಲ್ಲ ಸಿಕ್ಕುಗಟ್ಟಿತ್ತು. ಪಕ್ಕದ ಮನೆಯ ಹೆಂಗಸನ್ನು ಕರೆಸಿ ಬಾಚಿಸಿಕೊಂಡರೇ ಹೊರತು ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕರೆಯಲಿಲ್ಲ. ಅವತ್ತು ನನಗೆ ಬಂದ ಕೋಪ ಈಗಲೂ ಪೂರ್ತಿ ಹೋಗಿಲ್ಲ. ಬೆಳಗ್ಗೆ ಎದ್ದು ಅದೇ ಅತ್ತೆ ಜಗಲಿಯ ಮೇಲೆ ಹರಳೆಣ್ಣೆ ಬಟ್ಟಲು ಇಟ್ಟುಕೊಂಡು, ಬಾ ಕುಂತ್ಕ ಅನ್ನುತ್ತಿದ್ದರು. ಹೋಗಿ ಕೂರುತ್ತಿದ್ದೆ. ಕೂತ ತಕ್ಷಣ ಬಸ್ಸಿಗೆ ಹೊತ್ತಾಯಿತು ಅಂತ ಏಳಲು ನೋಡುತ್ತಿದ್ದೆ. ಜಡೆಯನ್ನೇ ಲಗಾಮಿನ ಹಾಗೆ ಹಿಡಿದು ಎಳೆದು ಕೂರಿಸುತ್ತಿದ್ದರು.

ಮಂಡ್ಯಕ್ಕೆ ವಾಪಸು ಬರುತ್ತೇನೆ. ನಾನು ಮಾಡಿದ ಮೊದಲ ಶ್ಯಾಗ್ ಮಾದೇವಿಯ ತಲೆಯದು. ಆಗ ಆ ಹೆಸರೇ ಗೊತ್ತಿರಲಿಲ್ಲ. ಮಾದೇವಿ ವಿ.ಸಿ. ಫಾರಂ ಅನ್ನುವ ಸರ್ಕಾರಿ ಕೃಷಿ ಜಮೀನಿನಲ್ಲಿ ನಾಟಿ, ಕಳೆ ಕೆಲಸಕ್ಕೆ ಹೋಗುತ್ತಿದ್ದವಳು. ಮೇಡಂ ಊಟಕ್ಕೆ ಹೋದ ಹೊತ್ತಿನಲ್ಲಿ ಮಹಡಿ ಹತ್ತಿ ಬಂದಳು. ಅಂಥವರು ಪಾರ್ಲರಿಗೆ ಬರುತ್ತಿರಲಿಲ್ಲ, ನಾನು ಯಾರನ್ನೋ ಹುಡುಕಿಕೊಂಡು ಬಂದಿದ್ದಾಳೆ ಅಂದುಕೊಂಡೆ. ಅವಳು ಕುರ್ಚಿಯ ಮೇಲೆ ಕೂತು, ಗಂಟು ಬಿಚ್ಚಿ, ಒಂದೇ ಮಾತು ಹೇಳಿದಳು.

"ಉದ್ದ ಇರ್ಬೇಕು, ಭಾರ ಓಗ್ಬೇಕು. ಆಯ್ತದಾ?"

ದಿನವೆಲ್ಲ ಗದ್ದೆಯಲ್ಲಿ ಬಗ್ಗಿದರೆ ಗಂಟು ಕತ್ತಿನ ಮೇಲೆ ಕಲ್ಲು ಕೂತ ಹಾಗೆ ಆಗುತ್ತದಂತೆ. ಗಿಡ್ಡ ಮಾಡಿಸಿಕೊಂಡರೆ ಮನೆಯಲ್ಲಿ ಬಿಡುವುದಿಲ್ಲ. ನನಗೆ ಏನು ಮಾಡಬೇಕು ತೋಚಲಿಲ್ಲ. ಕೆಳಗಿನ ಕೂದಲು ಹಾಗೇ ಬಿಟ್ಟು ಮೇಲಿನದನ್ನು ಸ್ವಲ್ಪ ಸ್ವಲ್ಪವಾಗಿ ಎತ್ತಿ ಹಿಡಿದು ಕತ್ತರಿಸುತ್ತ ಹೋದೆ. ಅವಳ ಕೂದಲಿನಲ್ಲಿ ಅಲೆ ಇತ್ತು. ಭಾರ ಇಳಿದ ಹಾಗೆಲ್ಲ ಅದು ಮೇಲೆದ್ದು ಮುಖದ ಸುತ್ತ ತಾನಾಗಿ ಕೂತುಕೊಂಡಿತು. ನೆಲದ ಮೇಲೆ ರಾಶಿ ಕೂದಲು, ಕನ್ನಡಿಯಲ್ಲಿ ಮಾತ್ರ ಉದ್ದ ಒಂದಿಷ್ಟೂ ಕಡಿಮೆಯಾಗಿಲ್ಲ. ಮಾದೇವಿ ಕತ್ತಿನ ಹಿಂದೆ ಕೈಯಿಟ್ಟು, "ಗಾಳಿ ಬಿತ್ತು ಕಣಕ್ಕ" ಅಂದಳು. ಆ ಕ್ಷಣ ನನಗೂ ಅದೇ ಬೇಕು ಅನ್ನಿಸಿತು. ನನ್ನ ಆಸೆ ಹೋದ ವರ್ಷದ್ದಲ್ಲ, ಅಷ್ಟು ಹಳೆಯದು.

ಊಟ ಮುಗಿಸಿ ಬಂದ ಮೇಡಂ ನೆಲದ ಮೇಲಿನ ಕೂದಲು ನೋಡಿ ಸರಿಯಾಗಿ ಬೈದರು. ಕೇಳದೆ ಹೊಸತು ಮಾಡಲು ನೀನು ಯಾರು ಅಂದರು. ಮುಂದಿನ ವಾರ ಫಾರಂನಿಂದ ಇನ್ನಿಬ್ಬರು ಹೆಂಗಸರು ಮಾದೇವಿಗೆ ಮಾಡಿದ ಹಾಗೇ ಬೇಕು ಅಂತ ಬಂದಾಗ, ಬಾಗಿಲು ಹಾಕಿ, ಕುರ್ಚಿಗೆ ಕತ್ತಾಳೆ ನಾರು ಕಟ್ಟಿ, ಅದೇನು ಮಾಡಿದೆ ತೋರಿಸು ಅಂದರು. ತೋರಿಸಿದೆ. ಹೀಗೆ ಕಲಿಯುವ ಮೇಲಿನವರು ಸಿಕ್ಕರೆ ಏಟು ತಿಂದರೂ ಅವರ ಹತ್ತಿರವೇ ಇರಿ.

ಮದ್ದೂರಿಗೆ ಬಂದ ಮೇಲೆ ಪದರದ ಕೆಲಸಕ್ಕೆ ನನ್ನ ಹೆಸರು ಹಿಡಿಯಿತು. ಅಲ್ಲಿ ಕಲಿತ ಪಾಠ ಸೋಮನಹಳ್ಳಿ ಕಡೆ ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗುತ್ತಿದ್ದ ಹುಡುಗಿಯರದು. ಒಂದು ಭಾನುವಾರ ಮೂರು ಜನ ನಗುತ್ತ ಬಂದರು, ಮೂವರಿಗೂ ಒಂದೇ ಥರ ಬೇಕು. ಮುಖ ನೋಡಿದೆ, ಕೂದಲಿನ ದಪ್ಪ ನೋಡಿದೆ, ಚೆನ್ನಾಗಿಯೇ ಮಾಡಿದೆ. ಸೋಮವಾರ ಸಂಜೆ ಅದರಲ್ಲೊಬ್ಬಳು ಮುಖ ಊದಿಸಿಕೊಂಡು ಬಂದಳು. ಕೆಲಸದಲ್ಲಿ ಕೂದಲೆಲ್ಲ ಟೋಪಿಯೊಳಗೆ ಇರಬೇಕಂತೆ. ನಾನು ತೆಗೆದ ಮೇಲಿನ ಪದರ ಟೋಪಿಯಲ್ಲಿ ನಿಲ್ಲದೆ ಎಲ್ಲ ಕಡೆಯಿಂದ ಇಣುಕಿದೆ, ಮೆಷಿನ್ನಿನ ಹತ್ತಿರ ಕೂರಬೇಡ ಅಂತ ಮೇಲಿನವರು ಎಬ್ಬಿಸಿದ್ದಾರೆ. ಆಮೇಲೆ ಅವರಿಗೆಲ್ಲ ಅತಿ ಗಿಡ್ಡ ಪದರವೂ ಕಿವಿಯ ಹಿಂದೆ ಸಿಕ್ಕಿಸಲು ಆಗುವಷ್ಟು ಉದ್ದ ಬಿಟ್ಟೆ. ಆರು ದಿನ ಒಳಗಿದ್ದು ಭಾನುವಾರ ಮಾತ್ರ ಹೊರಗೆ ಬರುವ ಶ್ಯಾಗ್ ಅದು. ಅವತ್ತಿನಿಂದ ಗಿರಾಕಿ ಫೋಟೋ ತೋರಿಸಿದರೂ ನಾನು ಮೊದಲು ಕೇಳುತ್ತಿದ್ದದ್ದು ಒಂದೇ: ನಾಳೆ ಬೆಳಿಗ್ಗೆ ಈ ಕೂದಲನ್ನು ಏನು ಮಾಡುತ್ತೀಯಾ? ಕಟ್ಟುತ್ತೀಯಾ, ಬಿಡುತ್ತೀಯಾ, ಯಾರು ಬಾಚುತ್ತಾರೆ? ನೀವೂ ಇದನ್ನು ಕೇಳಿ.

ಬಣ್ಣದ ವಿಷಯಕ್ಕೆ ಬಂದರೆ, ಕಂಪನಿಯ ನಂಬರುಗಳು ನಮ್ಮ ಹೆಂಗಸರಿಗೆ ಅರ್ಥವಾಗುತ್ತಿರಲಿಲ್ಲ. ಬೆಲ್ಲ ಅರ್ಥವಾಗುತ್ತಿತ್ತು. ನಾನು ಆಲೆಮನೆಯಿಂದ ತಂದ ಬೆಲ್ಲದ ಚೂರುಗಳನ್ನು ಒಂದು ತಟ್ಟೆಯಲ್ಲಿ ಇಟ್ಟಿರುತ್ತಿದ್ದೆ. ಈ ವರ್ಷದ ಹೊಂಬಣ್ಣದ ಅಚ್ಚು, ಹೋದ ವರ್ಷದ ಕಂದಿದ ಉಂಡೆ, ಸೀಸೆಯಲ್ಲಿ ಕಡುಗಂದು ಬಣ್ಣದ ಜೋನಿ ಬೆಲ್ಲ. ಯಾವುದು ಬೇಕು ತೋರಿಸಮ್ಮ ಅಂದರೆ ಬೆರಳಿಟ್ಟು ತೋರಿಸುತ್ತಿದ್ದರು. ಕೆಲವರು ತೋರಿಸಿದ ಚೂರನ್ನು ಬಾಯಿಗೂ ಹಾಕಿಕೊಳ್ಳುತ್ತಿದ್ದರು. ನಮ್ಮ ಮೈಬಣ್ಣಕ್ಕೆ ಹೊಂಬಣ್ಣದ ಅಚ್ಚು ಕೂಡುವುದಿಲ್ಲ, ಜೋನಿ ಬೆಲ್ಲವೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಕೇಳದವರಿಗೆ ಒಂದೇ ಒಂದು ಎಳೆಗೆ ಹಚ್ಚಿ ತೋರಿಸುತ್ತಿದ್ದೆ.

ಇನ್ನೊಂದು ಮಾತು, ಇದನ್ನು ಮರೆತರೆ ಅಂಗಡಿ ಮುಚ್ಚಬೇಕಾಗುತ್ತದೆ. ತಲೆಗೆ ಬಣ್ಣ ಹಚ್ಚಿದ್ದೀರಾ ಅಂತ ಯಾವ ಹೆಂಗಸನ್ನೂ ಕೇಳಬೇಡಿ. ಇಲ್ಲ ಅನ್ನುತ್ತಾರೆ. ಸುಳ್ಳು ಹೇಳುವುದಲ್ಲ, ಪ್ಯಾಕೆಟ್ಟಿನ ಕಪ್ಪು ಮೆಹಂದಿಯನ್ನು ಟೀ ಡಿಕಾಕ್ಷನ್ನಿನಲ್ಲಿ ಕಲಸಿ ಹಚ್ಚುವುದು ನಮ್ಮವರ ಲೆಕ್ಕದಲ್ಲಿ ಬಣ್ಣವಲ್ಲ, ಮನೆ ಮದ್ದು. ಆದರೆ ಎಷ್ಟೋ ಪ್ಯಾಕೆಟ್ಟುಗಳಲ್ಲಿ ಸೊಪ್ಪಿನ ಪುಡಿಗಿಂತ ಬೇರೆ ಏನೇನೋ ಇರುತ್ತದೆ. ಅದರ ಮೇಲೆ ಬ್ಲೀಚು ಬಿದ್ದರೆ ಕೂದಲು ಕಾದ ಹೆಂಚಿನ ಹಾಗಾಗಿ, ಹಸಿರು ತಿರುಗಿ, ಕೈಗೇ ಕಿತ್ತು ಬರುತ್ತದೆ. ತಲೆಗೆ ನೀರು ಹಾಕಿಕೊಳ್ಳುವ ದಿನ ಏನೇನು ಹಚ್ಚಿಕೊಳ್ಳುತ್ತೀರಾ ಅಂತ ಕೇಳಿ. ಆಗ ಎಲ್ಲ ಹೊರಗೆ ಬರುತ್ತದೆ.

ಇಷ್ಟೆಲ್ಲ ತಿಳಿದವಳು ನನ್ನ ತಲೆಯನ್ನು ಹೊತ್ತುಕೊಂಡು ಅಲೆದ ಕಥೆ ಈಗ.

ಮೊದಲು ಮಂಡ್ಯಕ್ಕೆ ಹೋದೆ. ನನ್ನ ಕೈಕೆಳಗೆ ಕಲಿತ ನಂದಿನಿ ಅಲ್ಲಿ ಗಾಜಿನ ಬಾಗಿಲಿನ ದೊಡ್ಡ ಪಾರ್ಲರ್ ಇಟ್ಟಿದ್ದಾಳೆ. ಅಕ್ಕ ಬಂದರು ಅಂತ ಕಾಫಿ ತರಿಸಿದಳು. ಫೋನಿನಲ್ಲಿ ನನ್ನ ಫೋಟೋ ತೆಗೆದು, ಬೆರಳಾಡಿಸಿ, ಅದರ ಮೇಲೆ ಶ್ಯಾಗ್ ಕೂರಿಸಿ, ಬಣ್ಣವನ್ನೂ ಹಾಕಿ ತೋರಿಸಿದಳು. ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ಕಷ್ಟವಾಯಿತು. ಬೆಳಿಗ್ಗೆ ಅತ್ತೆ ಕೈ ಚಾಚಿದರೆ ಜಡೆ ಸಿಗುವುದಿಲ್ಲವಲ್ಲ ಅನ್ನಿಸಿ, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಅಂತ ಎದ್ದುಬಿಟ್ಟೆ. ಮಂಡ್ಯದಿಂದ ಬೆಸಗರಹಳ್ಳಿಗೆ ಹೋಗಿ ಆರಿಸುವ ಹಾಲು ಯಾವುದು ಅಂತ ನಂದಿನಿ ಕೇಳಲಿಲ್ಲ.

ಆಮೇಲೆ ಮದ್ದೂರಿನ ನನ್ನದೇ ಹಳೆಯ ಅಂಗಡಿಗೆ ಹೋದೆ. ಈಗ ಅದು ಬೇರೆಯವರದು, ಕುರ್ಚಿಗಳೆಲ್ಲ ದಿಕ್ಕು ಬದಲಿಸಿವೆ. ನನ್ನ ಗುರುತಿಲ್ಲದ ಹುಡುಗಿಯೊಬ್ಬಳು ಜಡೆ ಬಿಚ್ಚಲು ನೋಡಿದಳು. ಜಡೆಯ ತುದಿಗೆ ಅತ್ತೆ ಕಪ್ಪು ದಾರ ಸುತ್ತಿ, ಹಲ್ಲಿನಿಂದ ಎಳೆದು ಗಂಟು ಹಾಕುತ್ತಾರೆ. ಅದು ಬಿಚ್ಚಲಿಲ್ಲ. ಹುಡುಗಿ ದಾರ ಕತ್ತರಿಸಲು ಕತ್ತರಿ ತಂದಳು. ಅವಳದೇನೂ ತಪ್ಪಿಲ್ಲ. ನನಗೆ ಮಾತ್ರ ಅತ್ತೆಯ ಬೆರಳನ್ನೇ ಕತ್ತರಿಸಲು ಬಂದಳೇನೋ ಅನ್ನಿಸಿತು. ಇನ್ನೊಂದು ದಿನ ಬರುತ್ತೇನಮ್ಮ ಅಂತ ಎದ್ದು ಬಸ್ ಸ್ಟ್ಯಾಂಡಿಗೆ ಬಂದೆ. ಮನೆಗೆ ಹೋಗುವ ಬಸ್ಸು ಬಂತು, ಬಿಟ್ಟೆ. ಇನ್ನೊಂದೂ ಬಂತು, ಅದನ್ನೂ ಬಿಟ್ಟೆ. ಮಾಡಿಸಿಕೊಳ್ಳಲೂ ಆಗದೆ ಬಿಡಲೂ ಆಗದೆ ನನ್ನ ಮೇಲೆ ನನಗೇ ರೇಗುತ್ತಿತ್ತು. ಕೊನೆಗೆ ಮಳವಳ್ಳಿ ಬಸ್ಸು ಬಂದಾಗ ಹತ್ತಿದೆ.

ಮಳವಳ್ಳಿಯ ಪಾರ್ಲರನ್ನು ಈಗ ಭಾಗ್ಯ ನಡೆಸುತ್ತಾಳೆ. ನನ್ನ ಹತ್ತಿರ ಕಲಿತವರಲ್ಲಿ ಅತಿ ಮೊಂಡಿ, ಅತಿ ಒಳ್ಳೆಯ ಕೈ. ಅವಳದು ಕಿವಿಯವರೆಗಿನ ಗಿಡ್ಡ ಕೂದಲು, ಆದರೂ ತಾಯಂದಿರು ಮಗಳನ್ನು ಕರೆತಂದು ಸಾಲು ಕೂತಿರುತ್ತಾರೆ. ಜಡೆ ಬೋರ್ಡಾಗಿದ್ದ ಕಾಲ ನನ್ನ ಕಣ್ಣೆದುರಿಗೇ ಮುಗಿದಿತ್ತು. ಭಾಗ್ಯ ನನ್ನನ್ನು ಕೂರಿಸಿ, ಪಿನ್ನಿನ ತುದಿಯಿಂದ ಅತ್ತೆಯ ಗಂಟನ್ನು ನಿಧಾನವಾಗಿ ಬಿಡಿಸಿದಳು. ಬಿಡಿಸುತ್ತಲೇ, ತಲೆಗೆ ನೀರು ಹಾಕಿಕೊಳ್ಳುವ ದಿನ ಏನು ಹಚ್ಚುತ್ತೀರಾ ಅಂತ ಕೇಳಿದಳು. ಎಣ್ಣೆ, ಸೀಗೆಪುಡಿ ಅಂದೆ. ಬೇರೇನೂ ಇಲ್ಲವಾ ಅಂದಳು. ಬೇರೇನೂ ಇಲ್ಲ ಅಂದೆ.

ಭಾಗ್ಯ ನಂಬಲಿಲ್ಲ. ಕಿವಿಯ ಹಿಂದಿನಿಂದ ಒಂದು ಎಳೆ ಕತ್ತರಿಸಿ ತೆಗೆದು, ಬ್ಲೀಚು ಹಚ್ಚಿ, ಫಾಯಿಲ್ ಹಾಳೆ ಸುತ್ತಿ ನನ್ನ ಕೈಗೇ ಕೊಟ್ಟಳು. ಸ್ವಲ್ಪ ಹೊತ್ತಿಗೆ ಅಂಗೈಯಲ್ಲಿ ಬಿಸಿ ಹತ್ತಿತು. ಬಿಚ್ಚಿದರೆ ಪಾಚಿಯ ಬಣ್ಣ. ತಿಂಗಳಿಗೊಮ್ಮೆ ಅತ್ತೆ ಕಬ್ಬಿಣದ ಬಾಣಲೆಯಲ್ಲಿ ಏನೋ ಕಲಸಿ ನನ್ನ ತಲೆಗೆಲ್ಲ ಹಚ್ಚುತ್ತಾರೆ. ಅಂಗಡಿಯಿಂದ ಪ್ಯಾಕೆಟ್ಟು ತರುವವಳು ನಾನೇ. ಅದು ಬಣ್ಣ ಅಂತ ಆ ಗಳಿಗೆಯವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ. ಅದು ಅತ್ತೆ ಹಚ್ಚುವುದು, ಅಷ್ಟೇ ಆಗಿತ್ತು. ಭಾಗ್ಯ ಗೋಡೆಗೆ ಒರಗಿ ನಕ್ಕಳು. ಬೆಲ್ಲದ ಬಣ್ಣ ಈಗ ಆಗುವುದಿಲ್ಲ, ಇದೆಲ್ಲ ಬೆಳೆದು ಹೋಗುವವರೆಗೆ ಕಾಯಬೇಕು ಅಂದಳು. ನಾನು ಹಾಕು ಅಂದೆ. ಅವಳು ಆಗುವುದಿಲ್ಲ ಅಂದಳು. ನಾನು ನಿನಗೆ ಕಲಿಸಿದವಳು ಅಂದೆ. ಅದಕ್ಕೇ ಹಾಕುವುದಿಲ್ಲ ಅಂದಳು. ಸಿಟ್ಟು ಬಂತು, ಹೆಮ್ಮೆಯೂ ಆಯಿತು. ಹುಡುಗಿಯರೇ, ಎದುರಿಗೆ ಯಾರು ಕೂತಿದ್ದರೂ ಇದೊಂದನ್ನು ಬಿಟ್ಟುಕೊಡಬೇಡಿ.

ಆಮೇಲೆ ಅವಳು ನಾನು ಕಲಿಸಿದ ಇನ್ನೊಂದು ಪ್ರಶ್ನೆ ಕೇಳಿದಳು. ನಾಳೆ ಬೆಳಿಗ್ಗೆ ಈ ಕೂದಲನ್ನು ಯಾರು ಬಾಚುತ್ತಾರೆ? ಎಲ್ಲ ಹೇಳಿದೆ, ಅತ್ತೆ, ಜಗಲಿ, ಅವರ ಕೈಯಲ್ಲಿ ಉಳಿದ ಒಂದೇ ಕೆಲಸ. ಹೇಳುತ್ತ ಏಳಲು ನೋಡಿದೆ. ಭಾಗ್ಯ ಹೆಗಲ ಮೇಲೆ ಕೈಯಿಟ್ಟು ಕೂರಿಸಿದಳು.

"ಎದ್ದೋಯ್ತೀರ ಅಂತ ಗೊತ್ತು ಕಣಕ್ಕ. ನಂದಿನಿ ಪೋನ್ ಮಾಡಿದ್ಲು" ಅಂದಳು. "ಅತ್ತೆಮ್ಮನ ಇಸ್ಯ ಆಮೇಲೆ. ನಿಮ್ಗೆ ಆಸೆ ಅದಾ ಇಲ್ವಾ, ಅಷ್ಟ್ ಯೋಳಿ."

"ಅದೆ" ಅಂದೆ.

ಕತ್ತರಿಸುವಾಗ ನಾನು ಸುಮ್ಮನಿರಲಿಲ್ಲ. ಇನ್ನೂ ಎತ್ತಿ ಹಿಡಿ, ಒದ್ದೆಯಲ್ಲಿ ಬೇಡ, ಒಣಗಿದ ಮೇಲೆ ತುದಿ ನೋಡು ಅನ್ನುತ್ತಲೇ ಇದ್ದೆ. ಅವಳು ಒಂದೆರಡು ಸಲ ಕೇಳಿಸಿಕೊಂಡಳು, ಆಮೇಲೆ ಕುರ್ಚಿಯನ್ನು ಕನ್ನಡಿಗೆ ಬೆನ್ನು ಮಾಡಿ ತಿರುಗಿಸಿಬಿಟ್ಟಳು. ನೋಡಲು ಆಗದಿದ್ದರೆ ಹೇಳಲು ಏನಿರುತ್ತದೆ? ಕೂದಲು ಮೊಣಕೈ ಸವರಿ ಕೆಳಕ್ಕೆ ಬೀಳುತ್ತಿತ್ತು. ಮತ್ತೆ ಕನ್ನಡಿಗೆ ತಿರುಗಿಸಿದಾಗ ಅಲ್ಲಿದ್ದವಳು ನನಗೆ ಇಷ್ಟವಾದಳು. ಉದ್ದ ಇತ್ತು, ಭಾರ ಇರಲಿಲ್ಲ. ಅಲ್ಲಿ ಕೂತಿದ್ದ ಒಬ್ಬ ತಾಯಿ ಇದು ಯಾವ ಕಟಿಂಗು ಅಂತ ಭಾಗ್ಯನನ್ನು ಕೇಳಿದಳು. ಇಷ್ಟೆಲ್ಲ ಆದರೂ ಬಸ್ಸಿಗೆ ಬಂದವಳು ತಲೆಯ ತುಂಬ ಸೆರಗು ಹೊದ್ದುಕೊಂಡೇ ಮನೆಗೆ ಹೋದೆ. ಅತ್ತೆಗೆ ಕಣ್ಣು ಮಂಜು, ಸಂಜೆಯಲ್ಲಿ ಏನೂ ಕಾಣಲಿಲ್ಲ. ಶಿವಣ್ಣ ನೋಡಿದರು, ತಟ್ಟೆ ಮುಂದೆ ಎಳೆದುಕೊಂಡು ಇನ್ನೊಂದು ಮುದ್ದೆ ಹಾಕು ಅಂದರು.

ಬೆಳಿಗ್ಗೆ ಅತ್ತೆ ಎಂದಿನಂತೆ ಜಗಲಿಯ ಮೇಲೆ ಕೂತು, ಬಾ ಕುಂತ್ಕ ಅಂದರು. ಹೋಗಿ ಕೂತೆ. ಎಣ್ಣೆಯ ಕೈ ನೆತ್ತಿಗೆ ಬಂತು, ಅಲ್ಲಿಂದ ಕೆಳಕ್ಕೆ ಇಳಿಯಿತು, ನಿಂತಿತು. ಮತ್ತೆ ಮೇಲಕ್ಕೆ ಹೋಗಿ ಇನ್ನೊಂದು ಕಡೆಯಿಂದ ಇಳಿಯಿತು. ಒಂದೊಂದು ಪದರವನ್ನೂ ಬೆರಳು ಮುಟ್ಟಿ ನೋಡುತ್ತಿತ್ತು. ಮೂರು ಕಾಲು ಮಾಡಿ ಹೆಣೆಯಲು ನೋಡಿದರು, ಎಳೆಗಳೆಲ್ಲ ಜಾರಿ ನನ್ನ ಮುಖಕ್ಕೆ ಬಿದ್ದವು. ಇನ್ನೊಮ್ಮೆ ನೋಡಿದರು.

"ಯಾರ್ ಮಾಡುದ್ರು ಇದ?"

"ಭಾಗ್ಯ. ಮಳವಳ್ಳಿಯೋಳು."

"ನಿನ್ ತಾವ್ಲೆ ಕಲ್ತೋಳಾ?"

ಹೂಂ ಅಂದೆ. ಅಷ್ಟು ಹೊತ್ತು ತಡೆದುಕೊಂಡಿದ್ದೆ, ಇನ್ನು ಆಗಲಿಲ್ಲ. ನಿಮ್ಮ ಕೈಯ ಕೆಲಸ ಕಿತ್ತುಕೊಂಡುಬಿಟ್ಟೆ ಅತ್ತೆ, ನನಗೆ ಗೊತ್ತಿದ್ದೂ ಮಾಡಿಸಿಕೊಂಡೆ ಅಂತ ಅತ್ತುಬಿಟ್ಟೆ. ಅವರು ಸ್ವಲ್ಪ ಹೊತ್ತು ಅಳಲು ಬಿಟ್ಟು, ಎಣ್ಣೆಯ ಕೈಯನ್ನು ತಮ್ಮ ಮೊಣಕಾಲಿಗೆ ಒರೆಸಿಕೊಂಡರು.

"ನಂಗೇನಮ್ಮಿ ಕೆಲ್ಸ ಇಲ್ದಿದ್ರೆ? ಕುಂತ್ಕತೀನಿ. ಕುಂತ್ಕಳಾಕೆ ಬರ್ದಿರೋಳು ನೀನು. ಬಂದಾಗ್ಲಿಂದ್ಲೂ ಕಾಲ್ಗೆ ಚಕ್ರ. ದಿನಾ ಒಂದ್ ಗಳ್ಗೆ ನಿನ್ನ ಕುಂಡ್ರುಸಾಕೆ ಅಂತ್ಲೆ ಕಣಮ್ಮಿ ನಾನು ಜಡೆ ಇಡ್ಕತಿದ್ದುದ್ದು. ಕತ್ತರಿ ಕೈ ಪತ್ತರಿ ಕೈ ಅನ್ನಾದೆಲ್ಲ ಯಾವತ್ತೋ ಓಯ್ತು."

ಅವರು ಗೋಡೆ ಹಿಡಿದು, ಕೂತಲ್ಲೇ ನಿಧಾನವಾಗಿ ತಿರುಗಿ, ನನಗೆ ಬೆನ್ನು ಹಾಕಿ ಕೂತರು. ತಲೆಯ ಹಿಂದಿನ ಸಣ್ಣ ಗಂಟನ್ನು ತಾವೇ ಬಿಚ್ಚಿದರು. ಬೆಳ್ಳಗಿನ ನಾಲ್ಕು ಎಳೆ ಕೂದಲು ಹೆಗಲ ಮೇಲೆ ಬಿತ್ತು. ಬಾಚಣಿಗೆಯನ್ನು ಹಿಂದಕ್ಕೆ ಚಾಚಿ, ತಕಾ ಅಂದರು. ನಾನು ತೆಗೆದುಕೊಂಡೆ. ಎಲ್ಲ ಗಿರಾಕಿಗಳನ್ನೂ ಕೇಳುವ ಹಾಗೆ, ಹೇಗೆ ಬೇಕು ಅತ್ತೆ ಅಂತ ಕೇಳಿದೆ.

"ಕಸುಬಿನೋಳು ನೀನು. ನನ್ನೇನ್ ಕೇಳೀಯ?" ಅಂದರು.

ಅವರ ಬಾಯಲ್ಲಿ ನನ್ನ ಕೆಲಸಕ್ಕೆ ಆ ಹೆಸರು ನಾನು ಕೇಳಿದ್ದು ಅದೇ ಮೊದಲು. ಅಷ್ಟು ವರ್ಷ ನಿಂತುಕೊಂಡೇ ತಲೆ ಬಾಚಿದವಳು ಅವತ್ತು ಅತ್ತೆಯ ಹಿಂದೆ ಕೂತು ಬಾಚಿದೆ.